ತಲೆಕೆಳಗಾದ ಮುದ್ರೆ

ಟೋಕಿಯೋದ ಮಿನಾಟೋದಲ್ಲಿರುವ ನಮ್ಮ ಕಚೇರಿಯಲ್ಲಿ ಯಾವ ಕಾಗದವೂ ಕೆಂಪು ಮುದ್ರೆಗಳ ಮೆರವಣಿಗೆಯಿಲ್ಲದೆ ಮೇಲಧಿಕಾರಿಯ ಮೇಜು ತಲುಪುವುದಿಲ್ಲ. ಕಿರಿಯರು ತಮ್ಮ ಹೆಸರಿನ ಮುದ್ರೆಯನ್ನು ತುಸು ಎಡಕ್ಕೆ ವಾಲಿಸಿ ಒತ್ತುವುದನ್ನು ಕಂಡು, ಮೊದಮೊದಲು, ಕೈನಡುಕವಿರಬೇಕು ಪಾಪ ಎಂದುಕೊಂಡಿದ್ದೆ. ಅದು ಹಿರಿಯರಿಗೆ ಬಾಗಿ ಸಲ್ಲಿಸುವ ವಂದನೆಯಂತೆ!

ಮೈಸೂರಿನಲ್ಲಿ ಕಾನೂನು ಓದಿದ ನನಗೆ ಇಲ್ಲಿ ಒದಗಿರುವ ಉದ್ಯೋಗ ವಿಚಿತ್ರವಾದದ್ದು: ಅಮೆರಿಕದ ರಾಜ್ಯ ಮತ್ತು ಫೆಡರಲ್ ನ್ಯಾಯಾಲಯಗಳ ಗಮನಾರ್ಹ ತೀರ್ಪುಗಳ ಮೇಲೆ ವಾರಕ್ಕೊಂದು ಪುಟದ ವ್ಯಾಖ್ಯಾನ ಬರೆಯುವುದು. ನೀವು ನಗಬಹುದು, ನಾನಂತೂ ಒಂದು ಒಳ್ಳೆಯ ಭಿನ್ನಮತ ಸಿಕ್ಕರೆ ಕಾಫಿ ಆರುವುದನ್ನೂ ಮರೆಯುವವಳು. ಬಹುಮತದ ಎದುರು ಒಬ್ಬಂಟಿಯಾಗಿ ನಿಂತು ಒಪ್ಪೆನೆನ್ನುವ ನ್ಯಾಯಾಧೀಶರೆಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಈ ಸಲದ ಪುಟಕ್ಕೆ ತೂಕ ಹೆಚ್ಚಿತ್ತು. ನಮ್ಮ ಕಂಪನಿ ಅಮೆರಿಕದಲ್ಲಿ ಮಾರುವ ಅನ್ನದ ಕುಕ್ಕರಿನಿಂದ ಕೈ ಸುಟ್ಟುಕೊಂಡ ಅಮೆರಿಕದ ಮಹಿಳೆಯೊಬ್ಬರು ದಾವೆ ಹೂಡಿದ್ದರು. ಕುಕ್ಕರಿನ ಆ್ಯಪ್‌ನಲ್ಲಿ ಷರತ್ತುಗಳಿಗೆ ‘ಒಪ್ಪಿದೆ’ ಎಂದು ಒತ್ತಿದವರು ಕೋರ್ಟಿಗೆ ಹೋಗುವಂತಿಲ್ಲ ಎಂಬುದು ನಮ್ಮವರ ವಾದ. ಅಂಥದೇ ಒಪ್ಪಿಗೆಯನ್ನು ಎತ್ತಿಹಿಡಿದ ಫೆಡರಲ್ ತೀರ್ಪೊಂದು ನನ್ನ ಕಣ್ಣಿಗೆ ಬಿತ್ತು. ಹಿಗ್ಗಿ ಹೀರೇಕಾಯಿಯಾಗಿ, ಗೆಲುವು ನಮ್ಮದೇ ಎಂದು ಬರೆದುಬಿಟ್ಟೆ. ಅದನ್ನು ನೆಚ್ಚಿಕೊಂಡು ಮರುದಿನದ ಸಭೆ ಆಕೆಗೆ ಕೋರ್ಟಿನ ಬಾಗಿಲು ಮುಚ್ಚಿಸಲು ಹೊರಟಿತ್ತು.

ಪುಟ ಮುದ್ರೆಗಳಿಗಾಗಿ ಎಲ್ಲರ ಮೇಜು ಸುತ್ತಿ ಮರಳಿದಾಗ, ನಿವೃತ್ತಿಯ ಹೊಸ್ತಿಲಲ್ಲಿರುವ ನಮ್ಮ ಸಹೋದ್ಯೋಗಿ ಒಗಾವಾ-ಸಾನ್ ಅವರ ಮುದ್ರೆ ಮಾತ್ರ ತಲೆಕೆಳಗಾಗಿತ್ತು. ಕನ್ನಡಕ ಬದಲಿಸಬೇಕೇನೋ ಎಂದು ಮರುಗಿ, ಹೊಸ ಪ್ರತಿಯೊಂದನ್ನು ಅತಿವಿನಯದಿಂದ ಅವರ ಮುಂದೆ ಹಿಡಿದೆ. ಅವರು ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ ನೆಟ್ಟಗೆ ಒತ್ತಿಕೊಟ್ಟರು. ಸಂಜೆ ಕೋಟೋ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಇದನ್ನು ತಮಾಷೆಯಾಗಿ ಹೇಳಿದರೆ, ಹತ್ತು ವರ್ಷದಿಂದ ಇಲ್ಲಿಯೇ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಗಂಡ ರಘು ಚಪಾತಿ ಹರಿಯುವುದನ್ನೇ ನಿಲ್ಲಿಸಿದ.

“ಅದು ಮಿಸ್ಟೇಕ್ ಅಲ್ಲ ಕಣೇ. ಒಪ್ಪಿಗೆ ಇಲ್ಲ ಅನ್ನೋದನ್ನ ಕೆಲವು ಹಳಬರು ಹಾಗೆ ಹೇಳೋದು. ನೀನು ಹೋಗಿ ಅದನ್ನೂ ಕರೆಕ್ಟ್ ಮಾಡಿಸ್ಕೊಂಡು ಬಂದ್ಯಾ?”

ಸಾಗರದಾಚೆಯ ಭಿನ್ನಮತಗಳಿಗೆ ಭಾಷ್ಯ ಬರೆಯುವ ಪಂಡಿತೆ, ಪಕ್ಕದ ಮೇಜಿನ ಭಿನ್ನಮತವನ್ನು ಅಳಿಸಿಬಂದಿದ್ದೆ.

ಬೆಳಗ್ಗೆ ನಿಲ್ದಾಣದಿಂದ ಕಚೇರಿಗೆ ಅಕ್ಷರಶಃ ಓಡಿದೆ. ಏದುಸಿರಿನಲ್ಲೇ ಕ್ಷಮೆ ಕೇಳಿದಾಗ ಒಗಾವಾ-ಸಾನ್ ಮೇಜಿನ ಡ್ರಾಯರಿನಿಂದ ಮತ್ತೊಂದು ತೀರ್ಪು ತೆಗೆದಿಟ್ಟರು. ಅಯ್ಯೋ ದೇವರೇ! ನಮ್ಮ ಭಾರತದಲ್ಲಿ ಮೇಲಿನ ಕೋರ್ಟು ಹೇಳಿದರೆ ಮುಗಿಯಿತು. ಆ ಅಭ್ಯಾಸಬಲದಿಂದ ಫೆಡರಲ್ ಎಂದೊಡನೆ ನಾನು ಕೈಮುಗಿದಿದ್ದೆ. ಅಮೆರಿಕದಲ್ಲಿ ಒಪ್ಪಂದದ ಕಾನೂನು ಆಯಾ ರಾಜ್ಯದ್ದು. ಆ ಮಹಿಳೆಯ ರಾಜ್ಯ ಏನೆನ್ನಬಹುದೆಂದು ಫೆಡರಲ್ ಕೋರ್ಟು ಬರಿದೇ ಊಹಿಸಿತ್ತು. ಅನಂತರ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯವೇ ಈ ತೀರ್ಪಿನಲ್ಲಿ ಊಹೆ ತಪ್ಪೆಂದಿತ್ತು. ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ನಾನು ಕೇಳಿದರೆ, ಒಗಾವಾ-ಸಾನ್ ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲ ಎಂದು ಮೆಲ್ಲಗೆ ನಕ್ಕರು.

ಸಭೆಯಲ್ಲಿ ಎದ್ದುನಿಂತೆ. ನನ್ನ ಪುಟವನ್ನು ಹಿಂಪಡೆದೆ. ತಪ್ಪು ಹಿಡಿದವರು ಯಾರೆಂದು ಹೆಸರೆತ್ತಿ ಹೇಳಿದೆ. ಬಂದದ್ದು ಬರಲಿ ಎಂದು, ಇನ್ನು ಮುಂದೆ ವ್ಯಾಖ್ಯಾನದ ಕೆಳಗೆ ಭಿನ್ನಮತಕ್ಕೊಂದು ಜಾಗವಿರಲಿ ಎಂದೂ ಕೇಳಿಬಿಟ್ಟೆ. ಮೇಲಧಿಕಾರಿ ಎರಡೂ ತೀರ್ಪುಗಳನ್ನು ತರಿಸಿಕೊಂಡು ಓದಿದರು. ಕೊನೆಗೆ ಅವರು, ಆ ಮಹಿಳೆಗೆ ಕೋರ್ಟಿನಲ್ಲೇ ಉತ್ತರ ಕೊಡೋಣ ಎಂದರು, ಭಿನ್ನಮತದ ಜಾಗಕ್ಕೂ ಒಪ್ಪಿ ತಲೆಯಾಡಿಸಿದರು. ಕುಣಿಯುವುದೊಂದು ಬಾಕಿ!

ಮೊದಲ ಭಿನ್ನಮತಕ್ಕೆ ಎರಡು ಸಾಲು ಸಾಕೆಂದು ಒಗಾವಾ-ಸಾನ್ ಅವರಿಗೆ ಹೇಳಿದ್ದೆ. ಅವರು ಹನ್ನೊಂದು ಪುಟ ಬರೆದು ತಂದರು. ಅದರಲ್ಲಿ ಮೊದಲ ನಾಲ್ಕು ಪುಟ, ಕಳೆದೆರಡು ವರ್ಷ ನಾನು ಬರೆದ ವ್ಯಾಖ್ಯಾನಗಳ ತಪ್ಪುಗಳು. ಒಂದನ್ನಾದರೂ ಅಲ್ಲಗಳೆಯೋಣವೆಂದು ಹಟಕ್ಕೆ ಬಿದ್ದು ಓದಿದೆ, ಅವರ ಆಕ್ಷೇಪಗಳೆಲ್ಲವೂ ಸರಿಯಾಗಿದ್ದವು.