ಚಿಕ್ಕತಾಯಮ್ಮ ಸಿಸ್ಟರ್ ಆರಿಸಿದ ರೇಡಿಯೋ

ಯಾವ ರೇಡಿಯೋ ಕೊಳ್ಳಲಿ ಎಂದು ಕೇಳಿಕೊಂಡು ಬಂದವರಿಗೆ ಚಿಕ್ಕತಾಯಮ್ಮ ಸಿಸ್ಟರ್ ಯಾವತ್ತೂ ನೇರ ಉತ್ತರ ಕೊಟ್ಟವರಲ್ಲ. ಮೊದಲು ಕನ್ನಡಕವನ್ನು ಹಣೆಗೇರಿಸಿ, ಬಂದವನಿಗೆ ಜ್ವರ ಎಷ್ಟಿದೆ ಎಂದು ಅಂದಾಜು ಮಾಡುವವರಂತೆ ಮುಖ ನೋಡುತ್ತಿದ್ದರು. ಆಮೇಲೆ, "ಯಾರ್ ಜೊತೆ ಮಾತಾಡ್ಬೇಕು ನೀನು?" ಎನ್ನುತ್ತಿದ್ದರು. ಅವನು ಬ್ಯಾಂಡು, ವಾಟು, ಬಣ್ಣದ ಪರದೆ ಎಂದು ಶುರುಮಾಡಿದರೆ ಕಾಫಿ ಕೊಟ್ಟು ಕಳಿಸಿಬಿಡುತ್ತಿದ್ದರು. ಮೊದಲ ಸಲ ಹೋದಾಗ ನನಗೂ ಸಿಕ್ಕಿದ್ದು ಕಾಫಿ ಮಾತ್ರ.

ಹ್ಯಾಮ್ ರೇಡಿಯೋ ಎಂಬ ಹುಚ್ಚು ಹಿಡಿದವರು ಸರ್ಕಾರದಿಂದ ಲೈಸೆನ್ಸ್ ಪಡೆದು, ಟೆರೇಸಿನ ಮೇಲೆ ತಂತಿ ಎಳೆದು, ಊರು ಕೇರಿ ಗೊತ್ತಿಲ್ಲದವರೊಂದಿಗೆ ಗಾಳಿಯಲ್ಲಿ ಹರಟೆ ಹೊಡೆಯುತ್ತಾರೆ. ಕೇಳುವುದಕ್ಕೂ ಮಾತಾಡುವುದಕ್ಕೂ ಒಂದೇ ಪೆಟ್ಟಿಗೆ. ಅದರ ಹೆಸರು ಟ್ರಾನ್ಸ್‌ಸೀವರ್. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಡಿಸೈನ್ ಕೆಲಸ ಮಾಡುವ ನಾನು ಅಂಥ ಪೆಟ್ಟಿಗೆಗಳ ಗುಣಗಾನವನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಓದಿ ಅರೆದು ಕುಡಿದಿದ್ದೆ. ಯಾರ ಜೊತೆ ಮಾತಾಡಬೇಕು ಎಂಬುದೊಂದನ್ನು ಮಾತ್ರ ಯೋಚಿಸಿರಲಿಲ್ಲ. "ರೋಗಿ ಯಾರು ಅಂತ್ಲೇ ಗೊತ್ತಿಲ್ದೆ ಎಂಗಪ್ಪ ಔಷಧಿ ಕೊಡ್ಲಿ?" ಎಂದು ಸಿಸ್ಟರ್ ನಕ್ಕಿದ್ದರು.

ಅವರು ದೊಡ್ಡಾಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು, ಶ್ರೀರಾಂಪುರದಲ್ಲಿ ಸ್ವಂತ ಮನೆ ಕಟ್ಟಿಸಿದ್ದರು. ಹಾಲ್‌ನಲ್ಲಿ ಬುದ್ಧನ ಪಟ, ಅದರ ಕೆಳಗಿನ ಮೇಜಿನ ಮೇಲೆ ಹಳೆಯ ಶಾರ್ಟ್‌ವೇವ್ ಸೆಟ್ಟು. ಒಂದು ಕಾಲಕ್ಕೆ ವಾರ್ಡಿನ ಈ ತುದಿಯಿಂದ ಗದರಿದರೆ ಆ ತುದಿಯ ಆಯಾ ಎದ್ದು ನಿಲ್ಲುತ್ತಿದ್ದಳಂತೆ. ಮೈಕ್ ಹಿಡಿದಾಗ ಮಾತ್ರ ಆ ದನಿ ತಾನಾಗಿ ಇಳಿಯುತ್ತಿತ್ತು.

ಅವರಿಗೆ ಮಾತಾಡಬೇಕಾದವರು ಯಾರೆಂಬುದು ನಮಗೆಲ್ಲ ಗೊತ್ತಿತ್ತು. ಶ್ರೀಲಂಕಾದ ಬೆಟ್ಟದ ಊರಿನಲ್ಲಿದ್ದ ಸುಮನಪಾಲ ಎಂಬ ರೈಲ್ವೆ ನಿವೃತ್ತರು. ಒಮ್ಮೆಯೂ ಭೇಟಿಯಾಗದ ಇವರಿಬ್ಬರೂ ವರ್ಷಗಟ್ಟಲೆ ಪ್ರತಿ ಭಾನುವಾರ ಬೆಳಿಗ್ಗೆ ಶಾರ್ಟ್‌ವೇವ್‌ನಲ್ಲಿ ಸಿಗುತ್ತಿದ್ದರು. ಅವರದು ರೈಲ್ವೆ ಇಂಗ್ಲಿಷು, ಇವರದು ಆಸ್ಪತ್ರೆಯ ಇಂಗ್ಲಿಷು. ಮಾತಾದರೂ ಎಂಥದು? ನಿಮ್ಮ ಸಿಗ್ನಲ್ ಇವತ್ತು ಚೆನ್ನಾಗಿದೆ, ಇಲ್ಲಿ ಮಳೆ, ಹಲಸು ಹಣ್ಣಾಗಿದೆ, ಮಂಡಿನೋವು ಹೇಗಿದೆ. ಇಷ್ಟಕ್ಕೆ ಇಷ್ಟು ದೊಡ್ಡ ತಂತಿಯೇ ಎಂದು ನಾನು ಛೇಡಿಸುತ್ತಿದ್ದೆ.

ಹೀಗಿರುವಾಗ ಸುಮನಪಾಲ ಕೊಲಂಬೊದ ಫ್ಲ್ಯಾಟಿಗೆ ಹೋದರು. ಅಲ್ಲಿ ತಂತಿ ಕಟ್ಟಲು ಅನುಮತಿ ಇಲ್ಲ. ಭಾನುವಾರದ ಮಾತು ನಿಂತುಹೋಯಿತು. ಫೋನ್ ಮಾಡಿ ಎಂದು ನಾನೇ ಸಲಹೆ ಕೊಟ್ಟೆ. ಮಾಡಿದರು. ರೇಡಿಯೋದಲ್ಲಿ ಒಬ್ಬರು ಮುಗಿಸಿ, ಸರದಿ ಬಿಟ್ಟುಕೊಟ್ಟ ಮೇಲೆ ಇನ್ನೊಬ್ಬರ ಮಾತು. ಫೋನಿನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿದರು, ಒಟ್ಟಿಗೇ ಸುಮ್ಮನಾದರು, ಕ್ಷೇಮವೇ ಎಂದು ಮೂರು ಸಲ ಕೇಳಿಕೊಂಡು ಇಟ್ಟುಬಿಟ್ಟರು. "ಅವ್ರು ಫೋನಲ್ಲಿ ಬೇರೆ ಯಾರೋ ಕಣಪ್ಪ" ಎಂದರು ಸಿಸ್ಟರ್. ಅವರ ಮುಖ ಅಷ್ಟು ಸಪ್ಪಗಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೆಲವು ತಿಂಗಳ ಮೇಲೆ ಸುಮನಪಾಲರಿಂದ ಮೊಬೈಲಿಗೆ ಸಂದೇಶ ಬಂತು. ಬಾಲ್ಕನಿಯಲ್ಲಿ ನಿಂತು, ಕೈಯಲ್ಲೇ ಹಿಡಿಯುವ ಪುಟ್ಟ ಆಂಟೆನಾದಿಂದ, ಹ್ಯಾಮ್‌ಗಳ ಮಾತನ್ನು ಮೇಲಿಂದ ದಾಟಿಸುವ ಉಪಗ್ರಹದ ಮೂಲಕ ಮಾತಾಡುವುದನ್ನು ಕಲಿತಿದ್ದಾರಂತೆ. ಸಿಸ್ಟರ್ ಸೆಟ್ಟಿಗೆ ಆ ತರಂಗಗಳು ಎಟುಕುವುದಿಲ್ಲ. ಅಷ್ಟು ಜನಕ್ಕೆ ರೇಡಿಯೋ ಆರಿಸಿಕೊಟ್ಟವರು ಈಗ ತಮಗೇ ಒಂದು ಆರಿಸಬೇಕಾಯಿತು. ಅದು ತಪ್ಪಿದರೆ ಆ ಸ್ನೇಹ ಅಲ್ಲಿಗೆ ಮುಗಿದಂತೆ.

ನನಗೋ ಹಬ್ಬ. ಶಾರ್ಟ್‌ವೇವ್, ಉಪಗ್ರಹ ಎರಡೂ ಒಂದರಲ್ಲೇ ಬರುವ ಹೊಸ ಪೆಟ್ಟಿಗೆಯೊಂದನ್ನು ಲಕ್ಷ್ಮೀಪುರಂನ ವಕೀಲ ಮಿತ್ರರು ತರಿಸಿದ್ದರು. ಸಿಸ್ಟರನ್ನು ಅಲ್ಲಿಗೆ ಕರೆದೊಯ್ದೆ. ಅವರು ವಕೀಲರ ಟವೆಲ್ಲನ್ನು ಆ ಚೆಂದದ ಪರದೆಯ ಮೇಲೆ ಹೊದಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ತಿರುಗಣೆ ತಿರುಗಿಸುತ್ತಾ ಕೇಳಿಸಿಕೊಂಡರು. ಚೆನ್ನಾಗಿದೆ ಎಂದರು. ತಾವು ಮಾತಾಡುತ್ತಿರುವಾಗಲೂ ಇದಕ್ಕೆ ಕಿವಿ ಇರುತ್ತದೆಯೇ ಎಂದು ಕೇಳಿದರು. ಇಲ್ಲ, ಮೈಕಿನ ಗುಂಡಿ ಒತ್ತಿದರೆ ಕೇಳುವುದು ನಿಲ್ಲುತ್ತದೆ, ಎಷ್ಟೋ ಜನ ಹಾಗೇ ಸುಧಾರಿಸಿಕೊಳ್ಳುತ್ತಾರೆ ಎಂದು ವಕೀಲರು ವಾದ ಮಂಡಿಸಿದರು.

"ಮೇಲೆ ಉಪಗ್ರಹದಲ್ಲಿರೋದು ಒಂದೇ ದಾರಿ, ಒಂದ್ಸಲಕ್ಕೆ ಒಬ್ರೇ ಮಾತಾಡ್ಬೇಕು, ಅದ್ರಲ್ಲಿ ಊರೋರೆಲ್ಲ ನುಗ್ತಾರೆ. ನನ್ ಮಾತು ಮೇಲೋಗಿ ವಾಪಸ್ ಬರೋದು ಆಗಿಂದಾಗ್ಲೇ ನಂಗೆ ಕೇಳಿಸ್ಬೇಕು" ಎಂದರು ಸಿಸ್ಟರ್. "ಇಲ್ದಿದ್ರೆ ಇನ್ನೊಬ್ಬರ ಮಾತಿನ ಮೇಲೆ ಕೂತ್ಬುಟ್ಟಿದ್ದೀನಾ ಅಂತ ಎಂಗೆ ಗೊತ್ತಾಗುತ್ತೆ?"

ಕೊನೆಗೆ ಅವರು ಒಪ್ಪಿದ್ದು ಬಳಸಿ ಬಿಟ್ಟ, ಬಣ್ಣ ಸವೆದ, ಎತ್ತಿದರೆ ಸೊಂಟ ಹಿಡಿಯುವ ಒಂದು ಸೆಟ್ಟನ್ನು. ಒಂದು ಬ್ಯಾಂಡಿನಲ್ಲಿ ಮಾತಾಡುತ್ತಲೇ ಇನ್ನೊಂದರಲ್ಲಿ ಕೇಳಬಹುದು, ಅದೊಂದೇ ಅದರ ಹೆಚ್ಚುಗಾರಿಕೆ. ಶಾರ್ಟ್‌ವೇವ್‌ಗೆ ಹಳೆಯದೇ ಇರಲಿ ಎಂದರು. ಒಂದರಲ್ಲಿ ಆಗುವುದಕ್ಕೆ ಎರಡು ಯಾಕೆ ಎಂದು ನಾನು ಮನೆ ಮುಟ್ಟುವವರೆಗೂ ಗೊಣಗಿದೆ.

ಮೊದಲ ಭಾನುವಾರ ಅವರ ಟೆರೇಸಿನಲ್ಲಿ ಸ್ಟೂಲಿನ ಮೇಲೆ ಸೆಟ್ಟು, ಪಕ್ಕದಲ್ಲಿ ಬ್ಯಾಟರಿ. ನಾನು ಆಂಟೆನಾ ಹಿಡಿದು ಆಕಾಶದಲ್ಲಿ ಕಾಣದ ಉಪಗ್ರಹದ ಹಿಂದೆ ತಿರುಗುತ್ತಿದ್ದೆ. ಪಕ್ಕದ ಮನೆಯಾಕೆ ಬಟ್ಟೆ ಹರವುವುದನ್ನು ನಿಲ್ಲಿಸಿ, ಟಿವಿ ಕೆಟ್ಟಿದೆಯಾ ಎಂದು ವಿಚಾರಿಸಿದರು. ಉಪಗ್ರಹ ನಮ್ಮ ತಲೆಯ ಮೇಲೆ ಇರುವುದು ಕೆಲವೇ ನಿಮಿಷ. ಸ್ಪೀಕರಿನಲ್ಲಿ ಸಂತೆಯಂಥ ಗದ್ದಲ. ಸಿಸ್ಟರ್ ಸುಮ್ಮನೆ ಕೂತಿದ್ದಾರೆ. ಒತ್ತಿ, ಒತ್ತಿ ಎಂದು ನಾನು ಸನ್ನೆ ಮಾಡಿದರೆ ಅಂಗೈ ಎತ್ತಿ ನನ್ನನ್ನು ತಡೆದರು. ಗದ್ದಲದ ನಡುವೆ ಒಂದು ಬಿಡುವು ಬಂತು. ಲೈಸೆನ್ಸಿನ ಜೊತೆ ಬಂದ ಗುರುತಿನ ಹೆಸರಾದ ತಮ್ಮ ಕಾಲ್‌ಸೈನ್ ಹೇಳಿ, ತಮ್ಮದೇ ದನಿ ಮೇಲಿಂದ ವಾಪಸ್ ಬರುವುದನ್ನು ಕೇಳಿಸಿಕೊಳ್ಳುತ್ತಲೇ, ಸುಮನಪಾಲ ಎಂದು ಒಂದೇ ಸಲ ಕರೆದರು. ದಕ್ಷಿಣದಿಂದ ಗೊಗ್ಗರು ದನಿಯೊಂದು ಎದ್ದು, ಮಂಡಿ ಹೇಗಿದೆ ಸಿಸ್ಟರ್ ಎಂದು ಕೇಳಿತು.

ಉಪಗ್ರಹ ಇಳಿದ ಮೇಲೆ ಅವರು ನೀರಿನ ಟ್ಯಾಂಕಿಗೆ ಒರಗಿ ಕೂತು ಅತ್ತರು. "ಇದು ಅವ್ರೇ ಕಣಪ್ಪ" ಎಂದರು. ಅವರ ಆಯ್ಕೆಯ ಬಗ್ಗೆ ನಾನು ಮತ್ತೆ ಕೊಂಕು ತೆಗೆಯಲಿಲ್ಲ.

ಎರಡು ಮೂರು ವರ್ಷ ಹಾಗೆ ನಡೆಯಿತು. ಈ ಬೇಸಿಗೆಯಲ್ಲಿ ಸಿಸ್ಟರ್ ತೀರಿಕೊಂಡರು, ಹೆಚ್ಚು ನರಳದೆ, ತಾವೇ ದುಡಿದ ಆಸ್ಪತ್ರೆಯಲ್ಲಿ. ಸುಮನಪಾಲರಿಗೆ ಫೋನಿನಲ್ಲಿ ತಿಳಿಸುತ್ತೇನೆ ಎಂದು ಸಿಸ್ಟರ್ ಮಗಳು ಹೊರಟಾಗ, ಭಾನುವಾರದವರೆಗೆ ತಡೆಯಮ್ಮ, ನಾನು ಹೇಳುತ್ತೇನೆ ಎಂದೆ. ಸುಮನಪಾಲರಿಗೆ ಈ ಸುದ್ದಿಯನ್ನು ಫೋನಿನಲ್ಲಿ ಬೇರೆ ಯಾರೋ ಆಗಿ ಕೇಳಬೇಕಾದ ಗತಿ ಬರಬಾರದು ಅನ್ನಿಸಿತು.

ಅದೇ ಟೆರೇಸು, ಅದೇ ಸೆಟ್ಟು. ಉಪಗ್ರಹ ಏರುತ್ತಿದ್ದಂತೆ ಸುಮನಪಾಲರೇ ಮೊದಲು ಸಿಸ್ಟರ್ ಕಾಲ್‌ಸೈನ್ ಹಿಡಿದು ಕರೆದರು. ನಾನು ನನ್ನದನ್ನು ಹೇಳಿ, ಸಿಸ್ಟರ್ ಈಗಿಲ್ಲ, ಬುಧವಾರ ಹೋಗಿಬಿಟ್ಟರು ಎಂದು ಇಂಗ್ಲಿಷಿನಲ್ಲಿ ಹೇಳಿ ಗುಂಡಿ ಬಿಟ್ಟೆ. ಸ್ಪೀಕರಿನಲ್ಲಿ ಖಾಲಿ ದಾರಿಯ ಸರ್ರೆನ್ನುವ ಸದ್ದು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದು ತಟ್ಟನೆ ನಿಂತಿತು. ಯಾರಾದರೂ ಗುಂಡಿ ಒತ್ತಿದರೆ ಮಾತ್ರ ಆ ಸದ್ದು ನಿಲ್ಲುವುದು. ಮಾತು ಬರಲಿಲ್ಲ. ದೂರದಲ್ಲೊಂದು ಕಾಗೆ ಕೂಗಿದ್ದು, ಯಾರೋ ಉಸಿರೆಳೆದದ್ದು ಕೇಳಿಸಿತು. ಮಾತಿಲ್ಲದೆ ಗುಂಡಿ ಒತ್ತಿ ಹಿಡಿದರೆ ಉಳಿದವರ ದಾರಿಗೆ ಅಡ್ಡ. ಹ್ಯಾಮ್‌ಗಳಲ್ಲಿ ಅದಕ್ಕಿಂತ ದೊಡ್ಡ ಅಮರ್ಯಾದೆ ಇಲ್ಲ. ಜೀವಮಾನದಲ್ಲಿ ಅಂಥ ತಪ್ಪು ಮಾಡಿರದ ಸುಮನಪಾಲ ಅವತ್ತು ಗುಂಡಿ ಬಿಡಲೇ ಇಲ್ಲ. ಅದೇ ದಾರಿಗಾಗಿ ಎಷ್ಟು ಊರುಗಳಲ್ಲಿ ಎಷ್ಟು ಜನ ಕಾಯುತ್ತಿದ್ದರೋ, ಒಬ್ಬರೂ ನಡುವೆ ನುಗ್ಗಲಿಲ್ಲ. ಉಪಗ್ರಹ ಮುಳುಗುವವರೆಗೂ ನಾನು ಅದರ ಕಡೆಗೇ ಆಂಟೆನಾ ಹಿಡಿದು ನಿಂತಿದ್ದೆ.