ಮೇಲಿನ ಸಾಲು

ಶ್ರೀನಿವಾಸಪುರದ ಕಡೆ ಮಾವಿನ ತೋಟ ಇರುವ ಮನೆಗಳ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಬರುವ ವಿದ್ಯೆ ಒಂದಿದೆ. ಕ್ರೇಟಿಗೆ ಮಾವಿನಕಾಯಿ ತುಂಬುವಾಗ ಮೇಲಿನ ಸಾಲು ಜೋಡಿಸುವುದು. ಕೆಳಗೆ ಎಂಥದ್ದಾದರೂ ಇರಲಿ, ಮೇಲೆ ಮಾತ್ರ ಒಂದೇ ಗಾತ್ರದ, ಮೈಮೇಲೆ ಒಂದು ಗೆರೆಯೂ ಇಲ್ಲದ ಬಾದಾಮಿ ಕಾಯಿ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಮೋಸ ಅಂತ ಯಾರೂ ತಿಳಿಯಬಾರದು. ಮಂಡಿಯಲ್ಲಿ ಕೊಳ್ಳುವವನಿಗೂ ಇದು ಗೊತ್ತು. ಅವನು ಮೇಲಿನ ಸಾಲನ್ನು ಮೆಚ್ಚಿಕೊಂಡು, ಕೈಯನ್ನು ಸೀದಾ ತಳಕ್ಕೆ ಇಳಿಸಿ, ಅಲ್ಲಿಂದ ಒಂದು ಕಾಯಿ ಎಳೆದು ನೋಡುತ್ತಾನೆ. ರೇಟಿನ ಮಾತು ಆಮೇಲೆ.

ಪಿಯುಸಿ ಮುಗಿದಾಗ ನನಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಲಿಬರಲ್ ಆರ್ಟ್ಸ್ ಯೂನಿವರ್ಸಿಟಿ. ಅಲ್ಲಿ ಇತಿಹಾಸ, ಸಾಹಿತ್ಯ, ಗಣಿತ ಎಲ್ಲವನ್ನೂ ಒಟ್ಟಿಗೆ ಓದಿ, ಮುಂದೆ ಏನಾಗಬೇಕು ಅಂತ ನಿಧಾನವಾಗಿ ಯೋಚಿಸಬಹುದಿತ್ತು. ಇನ್ನೊಂದು, ಸೇರಿದ ದಿನದಿಂದಲೇ ಕೆಲಸದ ಮಾತಾಡುವ ಯೂನಿವರ್ಸಿಟಿ. ಅಲ್ಲಿ ಗೋದಾಮು, ಸಾಗಣೆ ನೋಡಿಕೊಳ್ಳುವುದನ್ನು ಕಲಿಸುವ ಡಿಗ್ರಿ. ನನಗೆ ಮೊದಲನೆಯದೇ ಬೇಕಿತ್ತು, ಊಟ ಸೇರದಷ್ಟು ಬೇಕಿತ್ತು. ಮಾಲೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ನಮ್ಮ ಸೋದರಮಾವ ಮಾತ್ರ, "ಎಲ್ಲಾ ಓದ್ಕೊಂಡು ಏನಾಗ್ತಾಳೆ ಭಾವಾ? ಕೊನೆಗೆ ನಮಗೇ ಬುದ್ಧಿ ಹೇಳೋಕ್ ಬರ್ತಾಳೆ ಅಷ್ಟೇ" ಅಂದುಬಿಟ್ಟ. ಅಮ್ಮ ಕುರುಡುಮಲೆ ಗಣಪನಿಗೆ ಹರಕೆ ಹೊತ್ತಳು. ಎರಡರಲ್ಲಿ ಯಾವುದಕ್ಕೆ ಅಂತ ಬಾಯಿ ಬಿಡಲಿಲ್ಲ.

ಅಪ್ಪ ಯಾರ ಮಾತನ್ನೂ ಕೇಳುವವನಲ್ಲ. "ಮಾಲು ನೋಡ್ದೆ ಹೆಂಗೆ ಹೇಳೋದು? ನಡಿಯಮ್ಮಾ" ಅಂತ ನನ್ನನ್ನು ಕರೆದುಕೊಂಡು ಆ ಕೆಲಸದ ಯೂನಿವರ್ಸಿಟಿಗೆ ಹೊರಟ.

ಒಳಗೆ ಕಾಲಿಡುತ್ತಲೇ ಗೋಡೆ ತುಂಬ ಫೋಟೋ. ಕೋಟು ತೊಟ್ಟು ನಗುವ ಹುಡುಗ ಹುಡುಗಿಯರು, ಪ್ರತಿಯೊಬ್ಬರ ಕೆಳಗೆ ಕಂಪನಿಯ ಹೆಸರು, ಸಂಬಳ. ಅಡ್ಮಿಷನ್ ನೋಡಿಕೊಳ್ಳುವ ಟೈ ಕಟ್ಟಿದ ಯುವಕ, "ಇವರೆಲ್ಲಾ ನಮ್ಮಲ್ಲಿ ಓದಿದವರು ಸಾರ್" ಅಂದ. ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಒಂದೊಂದೇ ಮುಖ ನೋಡಿ ತಲೆದೂಗಿದ.

"ಬೋ ಚೆನ್ನಾಗಿ ಜೋಡ್ಸಿದ್ದೀರಾ ಸಾರ್. ಇದು ಮೇಲಿನ ಸಾಲು. ಕೆಳಗಿಂದು ತೋರ್ಸಿ."

"ಅಂದ್ರೆ ಸಾರ್?"

"ಇವರ ಜೊತೆಗೇ ಓದಿ ಈ ಗೋಡೆಗೆ ಬರದೇ ಇದ್ದೋರು ಇರ್ತಾರಲ್ಲಾ, ಅವರಲ್ಲಿ ಯಾರ್ನಾದ್ರೂ ಒಬ್ರನ್ನ ಕರೀರಿ. ಮಾತಾಡಿಸ್ಬೇಕು."

ಯುವಕ ಫೋನು ನೋಡಿದ, ನೀರು ಕುಡಿದ, ಕೊನೆಗೆ ನಮಗೆ ಕಾಫಿ ತರಿಸಿದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಒಳಗೊಳಗೇ ಖುಷಿಯೂ ಆಯಿತು. ಇನ್ನು ಅಪ್ಪ ಈ ಜಾಗ ಬೇಡ ಅನ್ನುವುದು ಖಂಡಿತ ಅಂದುಕೊಂಡೆ. ಆ ಇನ್ನೊಂದು ಕಡೆ ಗೋಡೆಗೆ ಯಾರ ಫೋಟೋನೂ ಹಾಕಲ್ಲ ಅಂತ ವಾಪಸ್ ಬರುವ ದಾರಿಯಲ್ಲಿ ಹೇಳಿಯೂ ನೋಡಿದೆ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಅಪ್ಪ ಹೇಳಿದ್ದೇ ಬೇರೆ. "ಒಳ್ಳೇ ಜಾಗ. ವ್ಯಾಪಾರ ತಿಳಿದಿರೋ ಜನ." ಮಡಿಲಿನ ಸಿಪ್ಪೆ ಒದರಿಕೊಂಡ. "ಆದ್ರೆ ಅಲ್ಲಿ ಮೇಲಿನ ಸಾಲಿಗೆ ಬರಬೇಕಮ್ಮಾ. ನೀನು ಬರಲ್ಲ. ತಳಕ್ಕೆ ಬಿದ್ರೆ ಕೇಳೋರಿರಲ್ಲ. ಆ ಇನ್ನೊಂದ್ರಲ್ಲಿ ಫೋಟೋನೇ ಹಾಕಲ್ಲ ಅಂದ್ಯಲ್ಲಾ, ಅಲ್ಲಿಗೇ ಹೋಗು. ಸರೇನಾ?"

ಕೇಳಿದ್ದು ಸಿಕ್ಕಿತು. ಇಷ್ಟು ಅವಮಾನದ ಜೊತೆಗೆ ಸಿಗುತ್ತದೆ ಅಂತ ಗೊತ್ತಿರಲಿಲ್ಲ. ಶ್ರೀನಿವಾಸಪುರ ಬರುವವರೆಗೂ ಕಿಟಕಿ ಕಡೆ ತಿರುಗಿ ಅತ್ತೆ. ಅದು ಸಂತೋಷದ ಅಳು ಅಂತ ಅಪ್ಪ ಮನೆಯಲ್ಲಿ ಎಲ್ಲರಿಗೂ ಹೇಳಿದ. ಅಮ್ಮ ಮಾರನೆಯ ದಿನವೇ ಕುರುಡುಮಲೆಗೆ ಹೋಗಿ ಹರಕೆ ತೀರಿಸಿ ಬಂದಳು. ಇನ್ನೊಂದಕ್ಕೆ ಸೇರಿದ್ದರೂ ತೀರಿಸುತ್ತಿದ್ದಳು ಬಿಡಿ.

ಓದಿದೆ. ಏನಾಗಬೇಕು ಅಂತ ನಿಧಾನವಾಗಿಯೇ ಯೋಚಿಸಿದೆ. ಅಷ್ಟೆಲ್ಲಾ ಯೋಚಿಸಿದ ಮೇಲೆ ಸಿಕ್ಕಿದ್ದು ಒಂದು ಕಾಲೇಜಿನ ಪ್ರಚಾರ ವಿಭಾಗದ ಕೆಲಸ. ಗೋಡೆಗೆ ಹಾಕುವ ಹುಡುಗರ ಫೋಟೋ ಆರಿಸಿ, ಅದರ ಕೆಳಗೆ ಎರಡು ಒಳ್ಳೆಯ ಮಾತು ಬರೆಯಬೇಕು.

ಈ ಸಲ ಕಾಯಿ ಕೀಳುವ ಹೊತ್ತಿಗೆ ಊರಿಗೆ ಹೋದಾಗ, ಕ್ರೇಟು ತುಂಬುತ್ತಿದ್ದ ಅಪ್ಪನಿಗೆ ಅದನ್ನೆಲ್ಲ ವಿವರಿಸಿದೆ. ಅಪ್ಪ ಕೈಲಿದ್ದ ಕಾಯಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದನ್ನ ಇಲ್ಲೇ ಕಲ್ತಿದ್ದೆಯಲ್ಲಮ್ಮಾ! ಅದಕ್ಕೆ ಯೂನಿವರ್ಸಿಟಿ ಬೇಕಾಗಿತ್ತಾ?"

ನಾನೂ ನಕ್ಕೆ. ಆದರೆ ಬಸ್ ಸ್ಟ್ಯಾಂಡಿನ ಮಾತು ಇನ್ನೂ ಚುಚ್ಚುತ್ತಲೇ ಇತ್ತು. ಕೇಳಿಯೇಬಿಟ್ಟೆ. "ಈಗ ಹೇಳಪ್ಪಾ, ನನ್ನನ್ನ ಯಾವ ಸಾಲಲ್ಲಿ ಇಡ್ತೀಯಾ?"

"ನೀನ್ಯಾಕಮ್ಮಾ ಕ್ರೇಟಿಗೆ ಹೋಗ್ತೀಯಾ? ನೀನು ಮನೆಗೆ ಅಂತ ಇಟ್ಕೊಂಡಿರೋದು."

ಕೇಳಿ ಹಿಗ್ಗಿಹೋದೆ. ನಮ್ಮ ಮನೆಗೆ ಅಂತ ಇಟ್ಟುಕೊಳ್ಳುವುದು ಮಚ್ಚೆ ಬಿದ್ದು ಮಂಡಿಗೆ ಹೋಗಲಾರದ್ದನ್ನು ಅನ್ನುವುದು ಸ್ವಲ್ಪ ತಡವಾಗಿ ನೆನಪಾಯಿತು. ಅಷ್ಟರಲ್ಲಿ ಅಪ್ಪ ಮೂಲೆಯ ಹುಲ್ಲಿನೊಳಗಿಂದ ಅಂಥದ್ದೇ ಒಂದು ಹಣ್ಣು ತೆಗೆದು, ಪಂಚೆಗೆ ಒರೆಸಿ, ನನ್ನ ಕೈಗಿಟ್ಟಿದ್ದ. ಬೈದುಕೊಂಡೇ ತಿಂದೆ. ತುಂಬಾ ಸಿಹಿಯಾಗಿತ್ತು.