ಜೈಲಿನೊಳಗೆ ನಾನು ಒಯ್ದ ಜ್ವರ

ಅಂದು ಬೆಳಿಗ್ಗೆ ಬ್ಯಾರಕ್ಕಿನ ಬೀಗ ತೆಗೆದಾಗ ವಾಸನೆ ಬರಲಿಲ್ಲ. ಮಂದಿಯೆಲ್ಲ ಒತ್ತೊತ್ತಾಗಿ ಮಲಗುವ ಕೋಣೆ, ಮೂಲೆಯಲ್ಲೇ ಪಾಯಖಾನೆ. ಬಾಗಿಲು ತೆರೆದರೆ ಮೊದಲು ಮುಖಕ್ಕೆ ಬಡಿಯುವುದೇ ಅದು. ನನಗೆ ಖುಷಿಯಾಯಿತು.

"ಏನೋ ದುರುಗಪ್ಪ, ಇವತ್ತ ಫಿನಾಯಿಲ್ ಭಾಳ ಹಾಕಿದಂಗದ" ಎಂದೆ.

ದುರುಗಪ್ಪ ಮಸ್ಕಿ ಕಡೆಯ ಕುರಿಗಾರ. ಹೊಲದ ಬದುವಿನ ಜಗಳದಲ್ಲಿ ಯಾರದೋ ತಲೆ ಒಡೆದ ಕೇಸು. ಬೇಲ್ ಸಿಗದೆ ನಮ್ಮ ಸಬ್‌ಜೈಲಿನಲ್ಲಿದ್ದ. ಅವನು ನನ್ನ ಮುಖವನ್ನೇ ನೋಡಿದ.

"ನಿನ್ನೆಯಿಂದ ನಳಕ್ಕ ನೀರಽ ಬಂದಿಲ್ರೀ ಸಾಹೇಬ್ರ. ಮೂಗ ಮುಚ್ಚಿಕೊಂಡು ಕುಂತೀವಿ."

ನಾನು ನಕ್ಕು ಮುಂದಕ್ಕೆ ಹೋದೆ.

ಸಿಂಧನೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವ ಜೈಲು ವಾರ್ಡರ್ ನಾನು. ಜೈಲು ಯಾವ ಊರಿನದೆಂದು ಹೇಳುವುದಿಲ್ಲ. ತಪ್ಪು ನನ್ನದು, ಊರಿನದಲ್ಲ. ಅದೇ ವಾರ ಮುಕ್ಕುಂದದಲ್ಲಿ ನಾದಿನಿಯ ಕುಬಸದ, ಅಂದರೆ ಸೀಮಂತದ, ಊಟ ಉಂಡು ಬಂದಿದ್ದೆ. ಪಂಕ್ತಿಯಲ್ಲಿ ಅರ್ಧ ಮಂದಿ ಕೆಮ್ಮುತ್ತಿದ್ದರು. ವಾಸನೆ ಹೋಗುವುದು ಕೊರೋನಾದ ಲಕ್ಷಣವೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೇಟಿನ ಗೋಡೆಗೆ ಆ ಪೋಸ್ಟರ್ ಅಂಟಿಸಿದವನೇ ನಾನು. ಆದರೆ ಬಾಯಿಬಿಟ್ಟರೆ ಕ್ವಾರಂಟೈನ್, ಪಾಳಿಗೆ ಬೇರೆ ಜನ ಇಲ್ಲ, ಮೇಲಿನವರ ಬೈಗುಳ ಬೇರೆ. ನಾಳೆ ನೋಡಿದರಾಯಿತು ಎಂದುಕೊಂಡೆ.

ಆ ದಿನದ ಜಡ್ತಿಯೂ ನನ್ನ ಪಾಲಿಗೇ ಬಂದಿತ್ತು. ಜಡ್ತಿ ಎಂದರೆ ಮೈತಪಾಸಣೆ. ಕೈದಿಯ ಮಾಸ್ಕ್ ಇಳಿಸಬೇಕು, ಬಾಯಿ ತೆರೆಸಬೇಕು, ನಾಲಿಗೆ ಎತ್ತಿಸಿ ಬ್ಲೇಡು, ತಂಬಾಕು ಇದೆಯೇ ಎಂದು ಬಗ್ಗಿ ನೋಡಬೇಕು. ಗೇಣು ದೂರದಿಂದ ನೋಡದಿದ್ದರೆ ಏನೂ ಕಾಣುವುದಿಲ್ಲ. ಬಿಸಿಲಿನ ಝಳಕ್ಕೆ ನನ್ನ ಮಾಸ್ಕ್ ಗದ್ದದ ಕೆಳಗಿತ್ತು. "ಆ ಅನ್ರಿ, ಇನ್ನೂ ಅಗಲ" ಎನ್ನುತ್ತ ಒಬ್ಬೊಬ್ಬರ ಬಾಯಿಗೂ ನನ್ನ ಉಸಿರು ಬಿಟ್ಟೆ. ಹೊರಗಿನ ರೋಗ ಒಳಗೆ ಬರಬಾರದೆಂದು ಆ ದಿನಗಳಲ್ಲಿ ಮುಲಾಖತ್ ಬಂದ್ ಮಾಡಿದ್ದರು. ಕೈದಿಗಳ ಹೆಂಡತಿ ಮಕ್ಕಳು ಗೇಟಿನಿಂದಲೇ ವಾಪಸ್ಸು. ದಿನಾ ಹೊರಗಿನಿಂದ ಒಳಗೆ ಬರುತ್ತಿದ್ದವರು ನಾವೇ.

ಮರುದಿನ ಜ್ವರ ಏರಿತು. ಮೈಕೈ ಒನಕೆಯಲ್ಲಿ ಕುಟ್ಟಿದಂತೆ. ನಾಲ್ಕೈದು ದಿನಕ್ಕೆ ಮೆಟ್ಟಿಲು ಹತ್ತಲು ಹೋಗಿ ನಡುವೆಯೇ ಕುಳಿತುಬಿಟ್ಟೆ. ಸ್ಯಾಚುರೇಷನ್ ಇಳಿದಿದೆ ಎಂದು ಲಿಂಗಸುಗೂರಿನ ಕೋವಿಡ್ ವಾರ್ಡಿಗೆ ಹಾಕಿದರು. ಆಕ್ಸಿಜನ್ ಮಾಸ್ಕ್, ಸ್ಟಿರಾಯ್ಡ್ ಇಂಜೆಕ್ಷನ್, ಹೊಟ್ಟೆ ಅಡಿಯಾಗಿ ಮಲಗುವುದು. ಉಸಿರಾಡುವುದೂ ಒಂದು ದುಡಿಮೆ ಎಂದು ಆಗ ತಿಳಿಯಿತು. ಹೆಂಡತಿ ಫೋನಿನಲ್ಲಿ ಅಳುತ್ತಿದ್ದಳು.

"ಆ ಕಳ್ಳರ ಬಾಯಾಗ ಇಣುಕಿ ಇಣುಕಿ ನೋಡಿದ್ರಲ್ಲ, ಅವರಽ ಹಚ್ಯಾರ ನಿಮಗ."

"ಹೂಂ" ಎಂದೆ.

ತಾನು ತಿಂದು ಮೇಕೆ ಬಾಯಿಗೆ ಒರೆಸುವ ಕೋತಿಯ ಕೆಲಸವನ್ನು ಆ ಒಂದು ಹೂಂಕಾರದಲ್ಲಿ ಮುಗಿಸಿದೆ.

ಕೆಲವು ದಿನ ಕಳೆದು ಪಕ್ಕದ ಹಾಸಿಗೆಗೆ ದುರುಗಪ್ಪನನ್ನು ತಂದರು. ಬಾಗಿಲಲ್ಲಿ ಕಾವಲಿಗೆ ಕಾನ್‌ಸ್ಟೇಬಲ್. ಅವನ ಸ್ಥಿತಿ ನನಗಿಂತ ಕೆಟ್ಟದಿತ್ತು. ಪಕ್ಕೆಲುಬುಗಳು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಜೈಲಿನಲ್ಲಿ ಮೊದಲು ಸಿಂಪ್ಟಮ್ಸ್ ಬಂದದ್ದು ಯಾರಿಗೆ?" ಎಂದು ಕೇಳಿದರು. ದಮ್ಮು ಹತ್ತಿದವನಂತೆ ಕಣ್ಣು ಮುಚ್ಚಿಕೊಂಡೆ. ಪಾಪ, ಅವರು ನಂಬಿ ಮುಂದಕ್ಕೆ ಹೋದರು.

ಮಧ್ಯಾಹ್ನ ಗಂಜಿ ಕುಡಿಯಲು ಮಾಸ್ಕ್ ಸರಿಸಿದಾಗ ದುರುಗಪ್ಪನೇ ಮಾತಾಡಿದ.

"ನನ್ನಿಂದ ನಿಮಗ ಹತ್ತಿತ್ರೀ ಸಾಹೇಬ್ರ. ಕಡೀಕ ಜೈಲಿಗೆ ಬಂದಾವ ನಾನಽ ಅಂತ ಎಲ್ಲಾರೂ ಹಂಗಽ ಅನ್ನಾಕತ್ಯಾರ. ತಪ್ಪಾತ್ರಿ."

ನಾನು ಚಮಚವನ್ನು ಬಟ್ಟಲಿಗೆ ಇಟ್ಟೆ. ಅವನು ಮುಂದುವರಿಸಿದ.

"ಊರಾಗೂ ಸುದ್ದಿ ಹೋಗ್ಯಾದ. ಜೈಲಿಗೆ ರೋಗ ತಂದಾನ ಅಂತ ನನ್ನ ಮಗಳಿಗೆ ಅಂಗಡ್ಯಾಗ ಸಾಮಾನು ಕೊಡವಲ್ರು. ನಾಟಿಗೂ ಕರಿಯವಲ್ರು. ಫೋನಿನ್ಯಾಗ ಭಾಳ ಅತ್ಲು."

"ದುರುಗಪ್ಪ, ನಿನ್ನಿಂದ ಅಲ್ಲ" ಎಂದೆ. "ನನಗಽ ಮೊದಲ ಬಂದಿತ್ತು. ವಾಸನಿ ಹೋಗಿತ್ತಲ್ಲ, ಅವತ್ತಽ."

ಅವನು ಪೂರ್ತಿ ನನ್ನ ಕಡೆ ತಿರುಗಿದ.

"ಗೊತ್ತಿದ್ದೂ ಬಾಯಿ ತೆರಿ ಅಂದ್ರೇನ್ರೀ?"

"ಹೌದು."

ಅವನು ಗೋಡೆಯ ಕಡೆ ಹೊರಳಿದ. ಹೋಗಲಿ ಬಿಡ್ರಿ ಸಾಹೇಬ್ರ ಅನ್ನುತ್ತಾನೆ ಎಂದು ನಾನು ಕಾದಿದ್ದೆ. ಆ ಆಸೆಗೂ ನನಗೆ ಈಗ ನಾಚಿಕೆಯಾಗುತ್ತದೆ. ಹೊರಗಿನ ಜನಕ್ಕೆ ದೂರ ಸರಿಯಲು ಒಂದು ಬೀದಿಯಾದರೂ ಇತ್ತು. ಅವನಿಗೆ ಎಲ್ಲಿತ್ತು? ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡವನು ನಾನು.

ದುರುಗಪ್ಪ ಬದುಕಿದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಹೆದರುವುದು ಬೇಡ. ಬೇಲ್ ಸಿಕ್ಕಿ ಈಗ ಊರಲ್ಲಿದ್ದಾನೆ. ಏರು ಹತ್ತಿದರೆ ಇನ್ನೂ ಏದುಸಿರು ಬರುತ್ತದಂತೆ. ನನಗೂ ಬರುತ್ತದೆ. ಡಾಕ್ಟರಮ್ಮನಿಗೂ ನಮ್ಮ ಮೇಲಧಿಕಾರಿಗೂ ನಿಜ ಹೇಳಿದೆ. ವಿಚಾರಣೆ ನಡೆಯುತ್ತಿದೆ, ಆಗುವುದು ಆಗಲಿ. ಆದರೆ ಅವರಿಗೆಲ್ಲ ಹೇಳುವ ಮುಂಚೆ ಇನ್ನೊಬ್ಬರಿಗೆ ಹೇಳಬೇಕಾಗಿತ್ತು.

ವಾರ್ಡಿನಲ್ಲಿ ಆ ಮಾತಾದ ಮರುದಿನ ಬೆಳಿಗ್ಗೆ ದುರುಗಪ್ಪ ಗೋಡೆಯಿಂದ ಈಚೆ ಹೊರಳಿದ. "ನನಗ ಹೇಳಿ ಏನ್ ಮಾಡ್ತೀರಿ? ನನ್ನ ಮಗಳಿಗೆ ಹೇಳ್ರಿ. ನೀವಽ ಹೇಳ್ರಿ."

ಅವನು ನಂಬರ್ ಹೇಳಿದ, ನಾನು ಒತ್ತಿದೆ. ಮಗಳು ಎತ್ತಿದಳು. ನಾನು ಯಾರೆಂದು ಹೇಳಿ, ರೋಗ ನಿಮ್ಮಪ್ಪ ತಂದದ್ದಲ್ಲ, ನನ್ನಿಂದ ಅವನಿಗೆ ಬಂದದ್ದು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಒಂದೀಟು ತಡೀರಿ" ಎಂದಳು.

ಅವಳು ನಡೆಯುವ ಸದ್ದು. ಕೋಳಿಗಳು. ಆಮೇಲೆ ಗಂಡಸರ ಮಾತು, ಯಾರೋ ಬೆಲ್ಲ ತೂಗಲು ಹೇಳಿದ್ದು. ಅಂಗಡಿಯ ಮುಂದೆ ಹೋಗಿ ನಿಂತಿದ್ದಳು.

"ಸ್ಪೀಕರ್ ಹಾಕೀನ್ರಿ. ಈಗ ಹೇಳ್ರಿ."

ಆಕ್ಸಿಜನ್ ಮಾಸ್ಕ್ ತೆಗೆದು ಹೆಸರು, ಕೆಲಸ ಎಲ್ಲ ಸೇರಿಸಿ ಹೇಳಿದೆ. ನಡುವೆ ಕೆಮ್ಮು ಬಂತು, ಕಣ್ಣು ಕತ್ತಲಿಟ್ಟಿತು. ಅವಳು ಕಾದಳು.

"ಹಿಂದ ನಿಂತೋರಿಗೆ ಕೇಳಿಲ್ರಿ" ಎಂದಳು. "ಇನ್ನೊಮ್ಮೆ ಹೇಳ್ರಿ, ಜೋರಾಗಿ."

ಇನ್ನೊಮ್ಮೆ ಹೇಳುವಷ್ಟು ಉಸಿರು ನನ್ನಲ್ಲಿ ಉಳಿದಿತ್ತು. ಹೇಳಿದೆ.